ರುಡ್‌ಸೆಟ್‌ನ ಮೇಷ್ಟ್ರು: ಕೆಲವು ವಾರದ ಪಾಠ, ಎರಡು ವರ್ಷದ ಒಡನಾಟ

ಸ್ಮರಣ ಸಂಚಿಕೆಗೆ ಸಂಸ್ಥೆಯ ಚರಿತ್ರೆ ಬರೆಯಲು ಕೂತವರ ಕೈಗೆ ಮೊದಲು ಸಿಗುವುದು ಸ್ಥಾಪನೆಯ ವರ್ಷ, ಸ್ಥಾಪಕರ ಹೆಸರು ಮತ್ತು ವಾರ್ಷಿಕ ವರದಿಯ ಕೋಷ್ಟಕ. ರುಡ್‌ಸೆಟ್ ಸಂಸ್ಥೆಯ ಮಟ್ಟಿಗೆ ಈ ಮೂರಕ್ಕೂ ಕೊರತೆಯಿಲ್ಲ. ಅದು ಹುಟ್ಟಿದ್ದು 1982ರಲ್ಲಿ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಅದನ್ನು ಕಟ್ಟಿದವು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರು ಕೆಲವು ವಾರ ಅಲ್ಲೇ ಉಳಿದು ಒಂದು ಕಸುಬನ್ನೂ ಅದನ್ನು ವ್ಯಾಪಾರವಾಗಿ ನಡೆಸುವ ಲೆಕ್ಕವನ್ನೂ ಕಲಿತು ಹೊರಡಬೇಕು ಎಂಬುದು ಉದ್ದೇಶ. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಎತ್ತಿಕೊಂಡು, ಜಿಲ್ಲೆಗೊಂದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇರಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಇಂದು ದೇಶದಲ್ಲಿ ಅಂಥ ಸಂಸ್ಥೆಗಳು 600ರ ಹತ್ತಿರ ಹತ್ತಿರ ಇವೆ. ಇಷ್ಟನ್ನು ಬರೆದರೆ ಚರಿತ್ರೆ ಮುಗಿಯಿತೆಂದು ತೋರುತ್ತದೆ. ನನ್ನ ದೃಷ್ಟಿಯಲ್ಲಿ ಅದು ಆರಂಭವೂ ಆಗಿಲ್ಲ. ಈ ಸಂಸ್ಥೆಯನ್ನು ಈ ಸಂಸ್ಥೆಯನ್ನಾಗಿ ಮಾಡಿದವರು ಅಲ್ಲಿ ವ್ಯವಹಾರದ ಪಾಠ ಹೇಳಿದ ಉಪನ್ಯಾಸಕರು. ಅವರ ಕೆಲಸದ ದೊಡ್ಡ ಪಾಲು ನಡೆದದ್ದು ಕರಿಹಲಗೆಯ ಮುಂದಲ್ಲ. ಶಿಬಿರ ಮುಗಿಸಿ ಹೋದವರ ಅಂಗಡಿಯ ಮೆಟ್ಟಿಲ ಮೇಲೆ, ಕೊಟ್ಟಿಗೆಯ ಪಕ್ಕದಲ್ಲಿ, ಬ್ಯಾಂಕಿನ ಶಾಖಾ ವ್ಯವಸ್ಥಾಪಕರ ಮೇಜಿನ ಎದುರಿನಲ್ಲಿ. ಆ ಪಾಲಿಗೆ ಕೋಷ್ಟಕದಲ್ಲಿ ಕಾಲಮ್ಮಿಲ್ಲ.

ಹೀಗೆ ಹೇಳಲು ಕಾರಣವಿದೆ, ಅದಕ್ಕೆ ಕರಾವಳಿಯ ಬ್ಯಾಂಕುಗಳ ಹಳೆಯ ಕತೆಗೆ ಒಮ್ಮೆ ಹೋಗಿಬರಬೇಕು. ಕೆನರಾ ಬ್ಯಾಂಕನ್ನು 1906ರಲ್ಲಿ ಮಂಗಳೂರಿನಲ್ಲಿ ನಿಧಿಯ ರೂಪದಲ್ಲಿ ಶುರುಮಾಡಿದವರು ಅಮ್ಮೆಂಬಳ ಸುಬ್ಬರಾವ್ ಪೈ. ಅದಕ್ಕೂ ಮೊದಲೇ, 1891ರಲ್ಲಿ, ಅವರು ಕೆನರಾ ಹೈಸ್ಕೂಲನ್ನು ಕಟ್ಟಿದ್ದರು. ಶಾಲೆ ಮೊದಲು, ಬ್ಯಾಂಕು ಆಮೇಲೆ ಎಂಬ ಈ ಕ್ರಮ ಆಕಸ್ಮಿಕವಿರಬಹುದು, ಆದರೂ ಆ ಕಾಲದ ಕರಾವಳಿಯಲ್ಲಿ ಅಕ್ಷರ ಮತ್ತು ಹಣಕಾಸು ಒಂದೇ ಕೈಯಿಂದ ಊರಿಗೆ ಬಂದವೆಂಬುದು ನಿಜ. ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು 1925ರಲ್ಲಿ ಉಡುಪಿಯಲ್ಲಿ. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅದರ ಸ್ಥಾಪಕರು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಉಳಿತಾಯವನ್ನು ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ಸಂಗ್ರಹಿಸುವ ಪದ್ಧತಿ ಅದು. ಪಿಗ್ಮಿಯ ಗುಟ್ಟು ಬಡ್ಡಿದರದಲ್ಲಿರಲಿಲ್ಲ. ಏಜೆಂಟ್ ದಿನವೂ ಬರುತ್ತಾನೆ ಎಂಬ ನಿಶ್ಚಯದಲ್ಲಿತ್ತು. ಬರುವವನು ಇದ್ದಾನೆಂದು ಗೊತ್ತಿದ್ದರೆ ಎರಡಾಣೆ ಎತ್ತಿಡುವ ಅಭ್ಯಾಸ ತಾನಾಗಿ ಬೆಳೆಯುತ್ತದೆ. ರುಡ್‌ಸೆಟ್ ಉಪನ್ಯಾಸಕರ ಅನುಸರಣಾ ಭೇಟಿಯನ್ನು ನಾನು ಇದೇ ವಂಶಾವಳಿಯಲ್ಲಿ ಇಟ್ಟು ನೋಡುತ್ತೇನೆ. ಪಿಗ್ಮಿ ಏಜೆಂಟ್ ಹಳ್ಳಿಯ ದುಡ್ಡನ್ನು ಬ್ಯಾಂಕಿಗೆ ತಂದರು. ಉಪನ್ಯಾಸಕರು ಬ್ಯಾಂಕಿನ ದುಡ್ಡು ಹಳ್ಳಿಗೆ ಹೋದಾಗ ಅದರ ಜೊತೆಗೆ ಹೋದರು.

ಈ ಜೊತೆಗೆ ಹೋಗುವುದು ಎಷ್ಟು ಮುಖ್ಯವೆಂಬುದು 1980ರ ದಶಕವನ್ನು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. 1979ರ ಆಗಸ್ಟ್ 15ರಂದು ಗ್ರಾಮೀಣ ಯುವಕರಿಗೆ ಸ್ವ ಉದ್ಯೋಗ ತರಬೇತಿ ಕೊಡುವ ಟ್ರೈಸೆಂ ಯೋಜನೆ ಬಂತು. 1980ರ ಅಕ್ಟೋಬರ್ 2ರಿಂದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ದೇಶದ ಎಲ್ಲ ಬ್ಲಾಕುಗಳಿಗೂ ಹರಡಿತು. ಇದೇ ದಶಕದಲ್ಲಿ, ಇದೇ ಜಿಲ್ಲೆಯ ಸಂಸದರಾಗಿದ್ದ ಬಿ. ಜನಾರ್ದನ ಪೂಜಾರಿಯವರು ಕೇಂದ್ರದ ಹಣಕಾಸು ರಾಜ್ಯ ಸಚಿವರಾಗಿ ಸಾಲಮೇಳಗಳನ್ನು ನಡೆಸಿದರು. ಬಡವನಿಗೆ ಬ್ಯಾಂಕಿನ ಬಾಗಿಲು ತೆರೆಯಬೇಕು ಎಂಬ ಅವರ ಹಟವನ್ನು ಹಗುರವಾಗಿ ಕಾಣುವವನು ನಾನಲ್ಲ. ಅಲ್ಲಿಯವರೆಗೆ ಬ್ಯಾಂಕಿನ ಹೊಸ್ತಿಲು ದಾಟದವರು ಎಷ್ಟೋ ಮಂದಿ ಆಗ ದಾಟಿದರು. ಆದರೆ ಮೇಳದ ಪೆಂಡಾಲು ಬಿಚ್ಚಿದ ಮರುದಿನ ಸಾಲಗಾರ ಒಬ್ಬನೇ ಆಗುತ್ತಿದ್ದ. ಕೊಂಡ ಎಮ್ಮೆ ಹಾಲು ಕೊಡದಿದ್ದರೆ, ಹೊಲಿಗೆ ಯಂತ್ರಕ್ಕೆ ಗಿರಾಕಿ ಬಾರದಿದ್ದರೆ ಯಾರನ್ನು ಕೇಳುವುದು? ಸಾಲ ಕೊಟ್ಟವರು ವಸೂಲಿಗೆ ಬರುತ್ತಾರೆ, ಸಲಹೆಗೆ ಬರುವವರಿಲ್ಲ. 1999ರಲ್ಲಿ ಟ್ರೈಸೆಂ ಮತ್ತು ಸಮಗ್ರ ಕಾರ್ಯಕ್ರಮಗಳನ್ನು ಮುಚ್ಚಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ವಿಲೀನ ಮಾಡಬೇಕಾಯಿತು. ಅವುಗಳ ಕಾಲದಲ್ಲೇ ಹುಟ್ಟಿದ ಉಜಿರೆಯ ಸಂಸ್ಥೆ ಉಳಿದುಕೊಂಡಿತು, ಉಳಿದದ್ದಷ್ಟೇ ಅಲ್ಲ, ಆ ವಿಲೀನದ ಹತ್ತು ವರ್ಷದ ಬಳಿಕ ರಾಷ್ಟ್ರಕ್ಕೆ ಮಾದರಿಯಾಯಿತು. ಹಣ ಎರಡೂ ಕಡೆ ಇತ್ತು, ತರಬೇತಿ ಎರಡೂ ಕಡೆ ಇತ್ತು. ವ್ಯತ್ಯಾಸ ಎಲ್ಲಿತ್ತು ಎಂದು ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲುವುದು ತರಬೇತಿ ಚಿಕ್ಕದು, ಅನುಸರಣೆ ದೊಡ್ಡದು ಎಂಬ ಉಜಿರೆಯವರ ಸೂತ್ರದ ಮುಂದೆ. ಪಾಠ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ. ಬೆನ್ನಹಿಂದೆ ನಿಲ್ಲುವುದು ಎರಡು ವರ್ಷ.

ಹಾಗೆಂದು ತರಗತಿಯ ಪಾಠ ಸಣ್ಣದಲ್ಲ. ವಾಣಿಜ್ಯದ ಪದವಿ ತರಗತಿಯಲ್ಲಿ ಜಮಾ ಖರ್ಚು ಕಲಿಸುವುದಕ್ಕೂ ಇಲ್ಲಿ ಕಲಿಸುವುದಕ್ಕೂ ಬಹಳ ಅಂತರವಿದೆ. ದಿನ ಪ್ರಾರ್ಥನೆ, ಯೋಗ, ಶ್ರಮದಾನದಿಂದ ಶುರುವಾಗುತ್ತದೆ. ಆಮೇಲೆ ನಿನ್ನೆ ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಯಾವುದೆಂದು ಶಿಬಿರಾರ್ಥಿಗಳೇ ಎದ್ದು ನಿಂತು ಹೇಳಬೇಕು. ಸಂಸ್ಥೆಯ ಭಾಷೆಯಲ್ಲಿ ಇದಕ್ಕೆ ‘ಮಿಲ್ಲಿ’ ಎನ್ನುತ್ತಾರೆ. ಹತ್ತು ಜನರ ಎದುರು ಬಾಯಿ ತೆರೆಯದ ಹುಡುಗಿ ಬ್ಯಾಂಕಿನಲ್ಲಿ ಸಾಲ ಕೇಳುವುದು ಹೇಗೆ, ಗಿರಾಕಿಯ ಹತ್ತಿರ ಬಾಕಿ ಕೇಳುವುದು ಹೇಗೆ? ಹಾಗಾಗಿ ಮಾತಾಡುವುದೇ ಮೊದಲ ಬಂಡವಾಳ. ನಂತರ ಬರುವುದು ಸಾಧನಾ ಪ್ರೇರಣೆಯ ಆಟಗಳು. ನೆಲದಲ್ಲಿ ಒಂದು ಗೂಟ ನಿಲ್ಲಿಸಿ, ದೂರದಿಂದ ಅದಕ್ಕೆ ಬಳೆ ಎಸೆಯಬೇಕು. ಎಷ್ಟು ದೂರದಲ್ಲಿ ನಿಲ್ಲಬೇಕೆಂದು ಅವರವರೇ ನಿರ್ಧರಿಸಬೇಕು. ದೂರ ಹೆಚ್ಚಿದಂತೆ ಅಂಕವೂ ಹೆಚ್ಚು. ಕೆಲವರು ಗೂಟದ ಬುಡದಲ್ಲೇ ನಿಂತು ಸುಲಭವಾಗಿ ಹಾಕುತ್ತಾರೆ, ಕೆಲವರು ಅದೃಷ್ಟ ನಂಬಿ ಬಾಗಿಲಾಚೆಯಿಂದ ಎಸೆಯುತ್ತಾರೆ. ಮೊದಲ ಎಸೆತ ತಪ್ಪಿದಾಗ ಒಂದು ಹೆಜ್ಜೆ ಮುಂದೆ ಬಂದು, ಬಿದ್ದಾಗ ಅರ್ಧ ಹೆಜ್ಜೆ ಹಿಂದೆ ಸರಿದು ಅಳತೆ ಹಿಡಿಯುವವನನ್ನು ಉಪನ್ಯಾಸಕರು ಗುರುತಿಸುತ್ತಾರೆ. ಆಟ ಮುಗಿದ ಮೇಲೆ ಯಾಕೆ ಅಲ್ಲಿ ನಿಂತೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಉತ್ತರ ಕೊಡುವಾಗ ಶಿಬಿರಾರ್ಥಿಗೆ ತನ್ನ ಸ್ವಭಾವ ತನಗೇ ಕಾಣಿಸುತ್ತದೆ. ಕಾಗದದ ದೋಣಿಯ ಆಟವೂ ಹೀಗೆಯೇ. ನಿಗದಿತ ನಿಮಿಷಗಳಲ್ಲಿ ಎಷ್ಟು ದೋಣಿ ಮಾಡಿಕೊಡುತ್ತೇನೆಂದು ಮೊದಲೇ ಒಪ್ಪಿಕೊಂಡು ಕಾಗದ ಕೊಳ್ಳಬೇಕು, ಮಾಡಿದ್ದನ್ನು ಮಾರಬೇಕು. ಮಡಿಕೆ ಸೊಟ್ಟಗಿದ್ದರೆ ಉಪನ್ಯಾಸಕರು ಕೊಳ್ಳುವುದಿಲ್ಲ. ಉಳಿದ ಕಾಗದ ನಷ್ಟದ ಲೆಕ್ಕಕ್ಕೆ. ಕಚ್ಚಾ ಸಾಮಗ್ರಿ, ಗುಣಮಟ್ಟ, ಮಾತಿಗೆ ಕಟ್ಟುಬೀಳುವುದು ಎಂಬ ಮೂರು ಅಧ್ಯಾಯಗಳ ಪಾಠ ಅರ್ಧ ಗಂಟೆಯಲ್ಲಿ ಬೆರಳಿಗೆ ಇಳಿಯುತ್ತದೆ.

ಪಾಠದ ತಿರುಳು ಇರುವುದು ಯೋಜನಾ ವರದಿ ಬರೆಯುವಾಗ. ಹೈನುಗಾರಿಕೆಯ ತಂಡವನ್ನೇ ತೆಗೆದುಕೊಳ್ಳಿ. ಎರಡು ಹಸು ಸಾಕುತ್ತೇನೆ ಎನ್ನುವ ಶಿಬಿರಾರ್ಥಿ ದಿನದ ಹಾಲನ್ನು ಮುನ್ನೂರ ಅರವತ್ತೈದರಿಂದ ಗುಣಿಸಿ ವರ್ಷದ ಆದಾಯ ಬರೆದಿರುತ್ತಾನೆ. ಹಸು ಸಾಕುವ ಮನೆಯಲ್ಲೇ ಬೆಳೆದವನು, ಹಸು ಹತ್ತು ತಿಂಗಳು ಕರೆದು ಎರಡು ತಿಂಗಳು ಬತ್ತುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಗೊತ್ತಿರುವುದು ಕಾಗದಕ್ಕೆ ಇಳಿದಿರುವುದಿಲ್ಲ. ಹಾಲು ನಿಂತ ತಿಂಗಳಲ್ಲೂ ಹಿಂಡಿ ತರಬೇಕು, ಬ್ಯಾಂಕಿನ ಕಂತು ಕಟ್ಟಬೇಕು. ಎರಡೂ ಹಸುಗಳನ್ನು ಒಂದೇ ದಿನ ಕೊಂಡರೆ ಎರಡೂ ಒಟ್ಟಿಗೆ ಬತ್ತಿ ಮನೆಗೆ ಬರುವ ದುಡ್ಡು ಒಮ್ಮೆಲೇ ನಿಲ್ಲುತ್ತದೆ. ಅದಕ್ಕೇ ಎರಡನೆಯದನ್ನು ಐದಾರು ತಿಂಗಳು ಬಿಟ್ಟು ಕೊಳ್ಳಬೇಕು, ಸಾಲವನ್ನೂ ಎರಡು ಕಂತಿನಲ್ಲಿ ಪಡೆಯಬೇಕು. ಇದನ್ನು ಹೇಳಿಕೊಡಲು ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಸಾಲದು, ಕೊಟ್ಟಿಗೆಯ ತಿಳಿವಳಿಕೆಯೊಂದೇ ಸಾಲದು. ಎರಡನ್ನೂ ಬಲ್ಲವರು ಬೇಕು. ಹಾಗೆಯೇ ಅಂಗಡಿಯ ಗಲ್ಲಾಪೆಟ್ಟಿಗೆಯ ದುಡ್ಡು ಬೇರೆ, ಮನೆಯ ದುಡ್ಡು ಬೇರೆ ಎಂಬ ಪಾಠ. ನೆಂಟರಿಗೆ ಕೊಟ್ಟ ಉದ್ರಿಯನ್ನು ಹೇಗೆ ಬರೆದಿಡಬೇಕು, ಕೇಳಲು ಸಂಕೋಚವಾದರೆ ಏನು ಮಾಡಬೇಕು ಎಂಬ ಪಾಠ. ವಾಣಿಜ್ಯದ ಪಠ್ಯಪುಸ್ತಕಗಳಲ್ಲಿ ಬಾಕಿದಾರರು ಎಂಬ ಶೀರ್ಷಿಕೆ ಇದೆ, ಸೋದರಮಾವ ಎಂಬ ಶೀರ್ಷಿಕೆ ಇಲ್ಲ. ಹಳ್ಳಿಯ ಅಂಗಡಿಯಲ್ಲಿ ಇಬ್ಬರೂ ಒಬ್ಬರೇ ಆಗಿರುತ್ತಾರೆ.

ಅನುಸರಣೆಯ ವಿಷಯಕ್ಕೆ ಬಂದಾಗ ಉಪನ್ಯಾಸಕರ ವೃತ್ತಿ ಮತ್ತು ಅವರ ಸಮಾಜಸೇವೆ ಎಂದು ಎರಡು ಖಾನೆ ಮಾಡುವ ನಮ್ಮ ರೂಢಿ ಕೆಲಸಕ್ಕೆ ಬಾರದಾಗುತ್ತದೆ. ಬೇರೆ ಕಾಲೇಜಿನ ಅಧ್ಯಾಪಕರ ಪರಿಚಯ ಬರೆಯುವಾಗ ಇಷ್ಟು ವರ್ಷ ಪಾಠ ಹೇಳಿದರು ಎಂದು ಬರೆದು, ಕೊನೆಯ ಪ್ಯಾರಾದಲ್ಲಿ ರೋಟರಿ, ರಕ್ತದಾನ, ಊರಿನ ಸಹಕಾರಿ ಸಂಘ ಎಂದು ಸೇರಿಸುತ್ತೇವೆ. ಇಲ್ಲಿ ಊರಿನಲ್ಲಿ ತೊಡಗುವುದೇ ಉದ್ಯೋಗ. ಶಿಬಿರಕ್ಕೆ ಮೊದಲು ಹಳ್ಳಿಗಳಿಗೆ ಹೋಗಿ ಮಾಹಿತಿ ಸಭೆ ಮಾಡಿ ಆಸಕ್ತರನ್ನು ಕರೆತರಬೇಕು. ಶಿಬಿರದ ನಡುವೆ ಪೇಟೆಗೆ ಕಳಿಸಿ ಮಾರುಕಟ್ಟೆ ಸಮೀಕ್ಷೆ ಮಾಡಿಸಬೇಕು, ಯಶಸ್ವಿಯಾದ ಹಳೆಯ ಶಿಬಿರಾರ್ಥಿಯನ್ನು ಕರೆಸಿ ಮಾತಾಡಿಸಬೇಕು, ಬ್ಯಾಂಕಿನವರನ್ನು ತರಗತಿಗೆ ಕರೆತರಬೇಕು. ಶಿಬಿರದ ನಂತರ ಸಾಲದ ಅರ್ಜಿ ಎಲ್ಲಿ ನಿಂತಿದೆಯೆಂದು ಶಾಖೆಯಲ್ಲಿ ವಿಚಾರಿಸಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೊಲಿಗೆಯ ಶಿಬಿರಾರ್ಥಿಗೆ ಅಲ್ಲಿ ಯಂತ್ರ ಹಾಕಲು ಗಂಡನ ಮನೆಯವರ ಒಪ್ಪಿಗೆ ಬೇಕಾದರೆ, ಅವರ ಜಗಲಿಯಲ್ಲಿ ಕೂತು ಮಾತಾಡಬೇಕಾದವರೂ ಇವರೇ. ಶಾಖಾ ವ್ಯವಸ್ಥಾಪಕರಿಗೆ ಈ ಹುಡುಗ ನಂಬಿಕಸ್ಥ ಎಂದು ಹೇಳಬೇಕು, ಹುಡುಗನಿಗೆ ಕಂತು ತಪ್ಪಿದರೆ ಮುಂದಿನವನಿಗೆ ಸಾಲ ಸಿಗದು ಎಂದು ಹೇಳಬೇಕು. ಎರಡೂ ಕಡೆ ತನ್ನ ಮಾತನ್ನು ಅಡವಿಟ್ಟು ನಡೆಸುವ ಕೆಲಸ ಇದು.

ಅಮೆರಿಕದಲ್ಲಿ ಇಂಥ ಕೆಲಸಕ್ಕೆ ಸಮುದಾಯ ಕಾಲೇಜು ಎಂಬ ವ್ಯವಸ್ಥೆ ಇದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಲ್ಲಿ ಆರು ವಿದ್ಯಾರ್ಥಿಗಳಿಂದ ಶುರುವಾದ ಜೂನಿಯರ್ ಕಾಲೇಜು ಅದರ ಮೂಲ. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ ವರದಿ ಸಮುದಾಯ ಕಾಲೇಜು ಎಂಬ ಹೆಸರನ್ನು ಜನಜನಿತ ಮಾಡಿತು. ಅಲ್ಲಿ ವ್ಯಾಪಾರ ವಿಷಯದ ಅಧ್ಯಾಪಕರು ಹಗಲು ವಿದ್ಯಾರ್ಥಿಗಳಿಗೂ ಸಂಜೆ ಊರಿನ ಸಣ್ಣ ಅಂಗಡಿಕಾರರಿಗೂ ಪಾಠ ಹೇಳುವುದು ಸಾಮಾನ್ಯ. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವೂ 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಸಮುದಾಯ ಕಾಲೇಜುಗಳಿಗೆ ನೆರವು ಕೊಡತೊಡಗಿತು. ಹೆಸರು ಆಗ ಬಂದರೂ ಕೆಲಸ ಉಜಿರೆಯಲ್ಲಿ ಮೂವತ್ತು ವರ್ಷ ಮೊದಲೇ ನಡೆಯುತ್ತಿತ್ತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಸ್ವ ಉದ್ಯೋಗ ಎನ್ನುವುದು ನೌಕರಿ ಕೊಡಲಾಗದ ಸರ್ಕಾರದ ಸಮಜಾಯಿಷಿ. ಓದಿದ ಹುಡುಗನಿಗೆ ಮೊಬೈಲ್ ರಿಪೇರಿ ಕಲಿಸಿ ಅವನ ಆಸೆಯನ್ನು ಮೊಟಕುಗೊಳಿಸುತ್ತೀರಿ ಎಂಬುದು. ಅಮೆರಿಕದ ಸಮುದಾಯ ಕಾಲೇಜುಗಳ ಮೇಲೂ ಇದೇ ದೂರು ಬಂದಿತ್ತು. ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ 1960ರಲ್ಲೇ, ಈ ಕಾಲೇಜುಗಳು ವಿದ್ಯಾರ್ಥಿಗಳ ದೊಡ್ಡ ಕನಸನ್ನು ಮೆಲ್ಲಗೆ ತಣ್ಣಗೆ ಮಾಡುತ್ತವೆ ಎಂದು ವಾದಿಸಿದರು. ದೂರಿನಲ್ಲಿ ಸತ್ಯಾಂಶವಿದೆ. ಉದ್ಯೋಗ ಸೃಷ್ಟಿಯ ಹೊಣೆಯನ್ನು ಸರ್ಕಾರ ಶಿಬಿರಾರ್ಥಿಯ ಹೆಗಲಿಗೆ ದಾಟಿಸಿ ಕೈತೊಳೆದುಕೊಳ್ಳಬಾರದು. ಆದರೆ ತರಬೇತಿಗೆ ಬರುವವರಲ್ಲಿ ಬಹುಪಾಲು ಜನರ ಎದುರು ನೌಕರಿ ಮತ್ತು ಅಂಗಡಿ ಎಂಬ ಎರಡು ದಾರಿಗಳಿರುವುದಿಲ್ಲ. ಅಂಗಡಿ ಮತ್ತು ಖಾಲಿ ಕೂರುವುದು ಎಂಬ ಎರಡೇ ಇರುತ್ತವೆ, ಹುಡುಗಿಯರಿಗಂತೂ ಎರಡನೆಯದರ ಹೆಸರು ಮನೆಗೆಲಸ. ತನ್ನ ಕೈಯ ಸಂಪಾದನೆಯಿಂದ ತಂಗಿಯ ಕಾಲೇಜು ಶುಲ್ಕ ಕಟ್ಟುವವಳ ಆಸೆ ಮೊಟಕಾಗಿದೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಎರಡನೆಯ ಆಕ್ಷೇಪ ಪ್ರೇರಣೆಯ ಪಾಠದ ಮೇಲೆ. ಬಡವನಿಗೆ ಕೊರತೆಯಿರುವುದು ಬಂಡವಾಳದ್ದು, ಛಲದ್ದಲ್ಲ. ಬಳೆ ಎಸೆಯುವ ಆಟದಿಂದ ಬಡತನ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಈ ಆಟಗಳ ಹಿಂದೆ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಸಿದ್ಧಾಂತವಿದೆ. 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆಸಿ ಅವರು ಪ್ರಯೋಗ ನಡೆಸಿದರು. ಅದರ ವಿವರ 1969ರಲ್ಲಿ ಪುಸ್ತಕವಾಗಿ ಬಂತು. ಗಮನಿಸಬೇಕಾದದ್ದು, ಅಲ್ಲಿಗೆ ಬಂದವರು ಆಗಲೇ ವ್ಯಾಪಾರ ಮಾಡುತ್ತಿದ್ದವರು, ತಕ್ಕಮಟ್ಟಿಗೆ ಅನುಕೂಲವಿದ್ದವರು. ಅವರಿಗೆ ಹೇಳಿದ್ದನ್ನು ಏನೂ ಇಲ್ಲದವರಿಗೆ ಹಾಗೆಯೇ ಹೇಳಿದರೆ ಆಕ್ಷೇಪ ನಿಜವಾಗುತ್ತದೆ. ರುಡ್‌ಸೆಟ್ ಮಾಡಿದ ಸೇರ್ಪಡೆ ಇಲ್ಲಿಯೇ ಇದೆ: ಪ್ರೇರಣೆಯನ್ನು ಕಸುಬಿಗೂ, ಕಸುಬನ್ನು ಬ್ಯಾಂಕ್ ಸಾಲಕ್ಕೂ, ಸಾಲವನ್ನು ಅನುಸರಣೆಗೂ ಗಂಟುಹಾಕಿದ್ದು. ಸಂಸ್ಥೆಯನ್ನು ಬ್ಯಾಂಕುಗಳೂ ಸೇರಿ ಕಟ್ಟಿದ್ದರಿಂದ ಇದು ಸಾಧ್ಯವಾಯಿತು. ಛಲ ಮಾತ್ರ ಸಾಲದು ಎಂಬುದನ್ನು ಆಕ್ಷೇಪಿಸುವವರಿಗಿಂತ ಮೊದಲೇ ಇವರು ತಿಳಿದಿದ್ದರು.

ಯಶಸ್ಸಿನ ಅಂಕಿಗಳನ್ನು ಪ್ರಶ್ನಿಸುವವರೂ ಇದ್ದಾರೆ: ಮೊದಲೇ ಉತ್ಸಾಹವಿದ್ದವರು ತಾನೇ ಶಿಬಿರಕ್ಕೆ ಬರುವುದು, ಅವರು ಬಾರದೆಯೂ ಗೆಲ್ಲುತ್ತಿದ್ದರಲ್ಲವೇ? ಇದನ್ನು ಪೂರ್ತಿ ಅಲ್ಲಗಳೆಯಲು ಆಗದು, ಅಲ್ಲಗಳೆಯುವ ಅಗತ್ಯವೂ ಇಲ್ಲ. ಉತ್ಸಾಹ ಇದ್ದವನ ಲೆಕ್ಕವೂ ಹಸು ಬತ್ತಿದ ಎರಡು ತಿಂಗಳಲ್ಲಿ ಮುಗ್ಗರಿಸುತ್ತದೆ, ಮೇಷ್ಟ್ರು ಬೇಕಾಗುವುದು ಅಲ್ಲಿ.

ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಮತ್ತೊಂದು. ಸಂಸ್ಥೆಯ ಬಲವೆಲ್ಲ ಉಪನ್ಯಾಸಕರ ಒಡನಾಟದಲ್ಲಿದೆ ಎಂದಾದರೆ, ಒಂದು ಉಜಿರೆಯಲ್ಲಿ ಆದದ್ದು 600 ಕಡೆ ಆದೀತೇ? ಧರ್ಮಸ್ಥಳದ ಮೇಲಿನ ಭಕ್ತಿ, ಕರಾವಳಿಯ ಬ್ಯಾಂಕಿಂಗ್ ಪರಂಪರೆ ಎರಡೂ ಇಲ್ಲದ ಜಿಲ್ಲೆಗೆ ಕಟ್ಟಡಕ್ಕೆ ಅನುದಾನ ಕಳಿಸಬಹುದು, ಒಡನಾಟ ಕಳಿಸಲಾದೀತೇ? ಧಾರವಾಡ, ಮೈಸೂರು, ವಿಜಯಪುರ, ಚಿತ್ರದುರ್ಗ, ಕೇರಳದ ಕಣ್ಣೂರು, ಆಂಧ್ರದ ಅನಂತಪುರ, ತಮಿಳುನಾಡಿನ ಮಧುರೈಗಳಲ್ಲಿ ರುಡ್‌ಸೆಟ್ ಶಾಖೆಗಳು ಬೇರೂರಿರುವುದು, ಇದು ಒಂದೇ ಊರಿನ ಮಣ್ಣಿನ ಗುಣವಲ್ಲ ಎಂಬುದಕ್ಕೆ ಸಾಕ್ಷಿ. ಆದರೂ ಅಪಾಯ ಇದ್ದೇ ಇದೆ. ವರ್ಷಕ್ಕೆ ಇಷ್ಟು ತಂಡ, ಇಷ್ಟು ಶಿಬಿರಾರ್ಥಿಗಳು ಎಂಬ ಗುರಿಯನ್ನು ಮುಟ್ಟುವ ಧಾವಂತದಲ್ಲಿ ಮೊದಲು ಸೊರಗುವುದು ಅನುಸರಣೆ. ತರಗತಿ ನಡೆದದ್ದಕ್ಕೆ ಹಾಜರಿ ಪುಸ್ತಕವಿದೆ. ಮನೆಗೆ ಹೋಗಿ ಮಾತಾಡಿದ್ದನ್ನು ಫೋನು ಮಾಡಿ ಮುಗಿಸಿದರೂ ಕೋಷ್ಟಕ ತುಂಬುತ್ತದೆ. ಒಂದೇ ತಾಲ್ಲೂಕಿನಲ್ಲಿ ತಂಡದ ಮೇಲೆ ತಂಡಕ್ಕೆ ಹೊಲಿಗೆ ಮತ್ತು ಬ್ಯೂಟಿ ಪಾರ್ಲರ್ ಕಲಿಸುತ್ತಾ ಹೋದರೆ ಗಿರಾಕಿಗಳು ಹಂಚಿಹೋಗುತ್ತಾರೆ ಎಂಬುದು ಪೇಟೆ ಸುತ್ತಿದ ಉಪನ್ಯಾಸಕರಿಗೆ ಗೊತ್ತಾಗುತ್ತದೆ, ಕಚೇರಿಯಲ್ಲಿ ಗುರಿ ನಿಗದಿ ಮಾಡುವವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮಾದರಿಯನ್ನು ಹರಡುವುದೆಂದರೆ ಉಪನ್ಯಾಸಕರಿಗೆ ತಿರುಗಾಡಲು ಸಮಯ, ಪ್ರಯಾಣದ ಖರ್ಚು, ಒಂದೇ ಜಿಲ್ಲೆಯಲ್ಲಿ ಬೇರುಬಿಡುವಷ್ಟು ವರ್ಷ, ಕೆಲಸದ ಭದ್ರತೆ ಕೊಡುವುದು ಎಂದೇ ಅರ್ಥ. ಬ್ಯಾಂಕಿನಿಂದ ನಿಯೋಜನೆಯ ಮೇಲೆ ಬರುವ ನಿರ್ದೇಶಕರು ಕೆಲವು ವರ್ಷಕ್ಕೆ ಬದಲಾಗುತ್ತಾರೆ. ಹಳೆಯ ಶಿಬಿರಾರ್ಥಿಯ ಹೆಸರು, ಊರು, ಸಾಲದ ಕತೆ ನೆನಪಿಟ್ಟಿರುವವರು ಉಪನ್ಯಾಸಕರು. ಅವರನ್ನು ವರ್ಷ ವರ್ಷ ಬದಲಾಯಿಸಿದರೆ ಸಂಸ್ಥೆ ತನ್ನ ನೆನಪನ್ನೇ ಕಳೆದುಕೊಳ್ಳುತ್ತದೆ.

ನೆನಪಿನ ಮಾತು ಬಂದಾಗ ಚರಿತ್ರೆಯ ಒಂದು ಘಟನೆಯನ್ನು ಇಲ್ಲಿ ದಾಖಲಿಸಬೇಕು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1982ರಲ್ಲಿ ಕೈಜೋಡಿಸಿದ ಮೂವರಲ್ಲಿ ಒಬ್ಬರ ನಾಮಫಲಕವೇ ಈಗಿಲ್ಲ. ಬ್ಯಾಂಕಿನ ಹೆಸರು ಹೋದರೂ ಅದರ ಶಾಖೆಯಿಂದ ಸಾಲ ಪಡೆದು ಶುರುವಾದ ಗ್ಯಾರೇಜು, ಬೇಕರಿ, ಟೈಲರ್ ಅಂಗಡಿಗಳು ಕರ್ನಾಟಕದ ಊರೂರುಗಳಲ್ಲಿ ನಡೆಯುತ್ತಿವೆ. ಅವುಗಳ ಆರಂಭದ ಕತೆ ವಾರ್ಷಿಕ ವರದಿಯಲ್ಲಿ ಒಂದು ಅಂಕಿಯಾಗಿದೆ. ಪೂರ್ತಿ ಕತೆ ಇರುವುದು ನಿವೃತ್ತರಾದ ಉಪನ್ಯಾಸಕರ ಡೈರಿಗಳಲ್ಲಿ, ಅನುಸರಣಾ ಭೇಟಿಯ ಟಿಪ್ಪಣಿಗಳಲ್ಲಿ, ಹಳೆಯ ಶಿಬಿರಾರ್ಥಿಗಳು ಬರೆದ ಇನ್‌ಲ್ಯಾಂಡ್ ಪತ್ರಗಳಲ್ಲಿ. ಅಂಥವು ಯಾರ ಮನೆಯ ಅಟ್ಟದಲ್ಲಿದ್ದರೂ ರದ್ದಿಗೆ ಹಾಕುವ ಮೊದಲು ಸಂಸ್ಥೆಗೆ ತಂದುಕೊಡಬೇಕೆಂದು ಆ ಮೇಷ್ಟ್ರುಗಳನ್ನೂ ಅವರ ಮನೆಯವರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ.